ಭಾವನ ಬೆಸುಗೆಯಲ್ಲಿ ತೂತು ಹುಡುಕುತ್ತಾ

ಓದುವ ಎಲ್ಲರಿಗೂ ಪುತ್ತೂರಿನ ದರ್ಬೆಯಿಂದ ನಮಸ್ಕಾರ. ನಾನು ಹತ್ತನೇ ಕ್ಲಾಸು ಪಾಸಾದದ್ದು ಮದುವೆಯಾದ ಮೇಲೆ, ಖಾಸಗಿಯಾಗಿ ಪರೀಕ್ಷೆ ಕಟ್ಟಿ. ಈಗ ಇದನ್ನು ಮೊಬೈಲಿನಲ್ಲಿ ಒಂದೇ ಬೆರಳಿನಿಂದ ಅಕ್ಷರ ಹುಡುಕಿ ಹುಡುಕಿ ಒತ್ತುತ್ತಿದ್ದೇನೆ. ಒತ್ತಕ್ಷರ, ದೀರ್ಘ ಎಲ್ಲಿಯಾದರೂ ತಪ್ಪಿದ್ದರೆ ಮನ್ನಿಸಬೇಕು. ಬೆಸುಗೆಯ ವಿಷಯದಲ್ಲಿ ತಪ್ಪು ಹೇಳಿದ್ದರೆ ಮಾತ್ರ ಬೈದರೂ ಅಡ್ಡಿಯಿಲ್ಲ. ನಾವು ಮನೆಯಲ್ಲಿ ಆಡುವುದು ಅರೆಭಾಷೆ. ಎಲ್ಲರಿಗೂ ತಿಳಿಯಲಿ ಎಂದು ಮಾತುಗಳನ್ನು ಈ ಕಡೆಯ ಕನ್ನಡದಲ್ಲಿ ಬರೆದಿದ್ದೇನೆ.

ನನ್ನದು ದರ್ಬೆಯಲ್ಲಿ ಸಣ್ಣ ವೆಲ್ಡಿಂಗ್ ಶೆಡ್ಡು. ಗೇಟು, ಗ್ರಿಲ್ಲು, ಶೀಟಿನ ಮಾಡು, ಎಲ್ಲ ಕಬ್ಬಿಣದ ಕೆಲಸ, ಎಲ್ಲ ರಾಡ್ ಹಚ್ಚಿ ಮಾಡುವ ಆರ್ಕ್ ವೆಲ್ಡಿಂಗು. ನನ್ನ ಹೆಂಡತಿಯ ಅಣ್ಣ, ಅಂದರೆ ನನ್ನ ಭಾವ, ಮೊದಲು ರಾಡ್ ಹಿಡಿದದ್ದು ಇದೇ ಶೆಡ್ಡಿನಲ್ಲಿ. ವಯಸ್ಸಿನಲ್ಲಿ ನನಗಿಂತ ಸ್ವಲ್ಪ ಚಿಕ್ಕವ. ಆಮೇಲೆ ಮಂಗಳೂರು ಕಡೆ ಹಾಲಿನ ಟ್ಯಾಂಕು ಮಾಡುವ ಒಂದು ಕಡೆ ಸೇರಿ ಟಿಗ್ ವೆಲ್ಡಿಂಗ್ ಕಲಿತು ಬಂದು ಕಡಬದಲ್ಲಿ ಸ್ವಂತ ಅಂಗಡಿ ಹಾಕಿದ. ಟಿಗ್ ಅಂದರೆ ಸ್ಟೀಲಿಗೆ ಮಾಡುವ ಬೆಸುಗೆ. ಒಂದು ಕೈಯಲ್ಲಿ ಟಂಗ್‌ಸ್ಟನ್ ಸೂಜಿ ಇರುವ ಟಾರ್ಚು, ಇನ್ನೊಂದು ಕೈಯಲ್ಲಿ ತಂತಿ, ಸುತ್ತ ಆರ್ಗನ್ ಗ್ಯಾಸಿನ ಕಾವಲು. ಕಿಡಿ ಹಾರುವುದಿಲ್ಲ, ಹೊಗೆ ಇಲ್ಲ.

ಸುಳ್ಯದ ಹತ್ತಿರದ ಆಲೆಟ್ಟಿಯಲ್ಲಿ ಹೆಂಡತಿಯ ಚಿಕ್ಕಪ್ಪನ ಹೊಸ ಮನೆಯ ಒಕ್ಕಲಿಗೆ, ಅಂದರೆ ಗೃಹಪ್ರವೇಶಕ್ಕೆ, ಹೋಗಿದ್ದೆವು. ಮನೆ ನೋಡಲು ಬಂದವರು ಮನೆ ನೋಡಲಿಲ್ಲ. ಮೆಟ್ಟಿಲಿನ ಸ್ಟೀಲ್ ರೇಲಿಂಗನ್ನು ನೋಡಿದರು. ಭಾವನ ಕೆಲಸ. ಬೆಸುಗೆ ಸಣ್ಣ ಸಣ್ಣ ಬಳೆ ಒಂದರ ಮೇಲೊಂದು ಜೋಡಿಸಿದ ಹಾಗೆ, ಪಾರಿವಾಳದ ಕುತ್ತಿಗೆಯ ಬಣ್ಣ. ಅದೇ ಮನೆಯ ಗೇಟು ನನ್ನದು. ಅದನ್ನು ಎಲ್ಲರೂ ತಳ್ಳಿಕೊಂಡು ಒಳಗೆ ಬಂದಿದ್ದರು, ಅಷ್ಟೆ.

ಊಟದ ಗಲಾಟೆಯಲ್ಲಿ ಯಾರೂ ಇಲ್ಲದಾಗ ನಾನು ಮೆಟ್ಟಿಲಿಗೆ ಹೋಗಿ ಆ ಬೆಸುಗೆಗಳ ಮೇಲೆ ಬೆರಳು ಆಡಿಸಿದೆ. ಎಲ್ಲಿಯಾದರೂ ಒಂದು ಸೂಜಿಮೊನೆಯಷ್ಟು ತೂತು ಸಿಕ್ಕೀತೇ ಎಂದು. ಕೆಳಗಿನಿಂದ ಮೇಲಿನವರೆಗೆ ಸಿಗಲಿಲ್ಲ. ತಿರುಗಿದರೆ ಹೆಂಡತಿ ಪಾಯಸದ ಲೋಟ ಹಿಡಿದು ನಿಂತಿದ್ದಳು.

"ಎಂತ ಹುಡುಕುದು?"

"ಧೂಳು ಉಂಟಾ ನೋಡ್ತಿದ್ದೆ."

"ಅಣ್ಣ ಮಾಡಿದ್ರಲ್ಲಿ ಧೂಳು ಸಹ ಕೂರುದಿಲ್ಲ" ಎಂದು ನಕ್ಕು ಹೋದಳು. ಪಾಯಸ ಕೊಟ್ಟೇ ಹೋದಳು, ಆದರೆ ನನಗೆ ಅದು ಸಿಹಿ ಅನಿಸಲಿಲ್ಲ.

ಅದೇ ದಿನ ಅಂಗಳದಲ್ಲಿ ಕೊಲ್ಲಮೊಗ್ರಿನ ಜೇನು ಸಾಕುವವರ ಸಂಘದ ಅಧ್ಯಕ್ಷರು ಭಾವನ ಜೊತೆ ಮಾತಾಡುತ್ತಿದ್ದರು. ಸೋಸಿದ ಜೇನನ್ನು ತಿಳಿಯಾಗುವವರೆಗೆ ತುಂಬಿಸಿಡಲು ಅವರಿಗೆ ಸ್ಟೀಲಿನ ಟ್ಯಾಂಕುಗಳು ಬೇಕಿತ್ತು, ಸಂಘದ ಎಲ್ಲ ಸದಸ್ಯರಿಗೂ. ಭಾವ ತಲೆ ಆಡಿಸುತ್ತಿದ್ದ. ನಾನು ನಡುವೆ ನುಗ್ಗಿದೆ.

"ಒಂದು ನಂಗೆ ಕೊಡಿ ಮಾರಾಯ್ರೆ, ಮಾಡಿ ತೋರಿಸ್ತೇನೆ."

ಅಧ್ಯಕ್ಷರು ಒಮ್ಮೆ ನನ್ನನ್ನು, ಒಮ್ಮೆ ಹೊರಗಿನ ಗೇಟನ್ನು ನೋಡಿದರು. "ನೀವು ಟಿಗ್ ಮಾಡ್ತೀರಾ?"

"ಮಾಡ್ಲಿಕ್ಕೆ ಶುರು ಮಾಡ್ತೇನೆ."

"ಆಯ್ತು. ನೀವೊಂದು, ನಿಮ್ಮ ಭಾವ ಒಂದು. ಜೇನು ತೆಗೆಯುವ ಮೊದಲು ತನ್ನಿ. ಯಾವುದು ಸರಿ ಉಂಟು ನೋಡಿ ಬಾಕಿದ್ದೆಲ್ಲ ಅವರಿಗೆ."

ಭಾವ ಮುಗುಳ್ನಕ್ಕ. ಆ ನಗೆಯೇ ನಾನು ಟಿಗ್ ಮೆಷಿನ್ ಕೊಳ್ಳುವಂತೆ ಮಾಡಿತು. ಸೋತರೆ ಟ್ಯಾಂಕಿನ ಕೆಲಸ ಮಾತ್ರ ಹೋಗುವುದಲ್ಲ. ಸುಳ್ಯ, ಸುಬ್ರಹ್ಮಣ್ಯ ಕಡೆಯ ಯಾರಿಗೆ ಸ್ಟೀಲಿನ ಕೆಲಸ ಬೇಕಾದರೂ ಅವರು ನೇರ ಕಡಬಕ್ಕೆ ಹೋಗುತ್ತಾರೆ, ದರ್ಬೆಯವರೆಗೆ ಯಾರೂ ಬರುವುದಿಲ್ಲ ಎಂಬುದು ನನಗೆ ಗೊತ್ತಿತ್ತು.

ಮೆಷಿನ್ ಬಂದ ದಿನವೇ ಮೊದಲ ಎಡವಟ್ಟು. ನಾನು ಜೀವಮಾನವಿಡೀ ರಾಡಿನ ಹೋಲ್ಡರನ್ನು ಪ್ಲಸ್ಸಿಗೆ ಸಿಕ್ಕಿಸಿದವ. ಕೈ ತಾನಾಗಿ ಟಾರ್ಚನ್ನೂ ಪ್ಲಸ್ಸಿಗೆ ಸಿಕ್ಕಿಸಿತು. ಆರ್ಕ್ ಹತ್ತಿದ ಕೂಡಲೇ ಸೂಜಿಯ ಮೊನೆ ಕರಗಿ ಗುಂಡಗೆ ಮೆಣಸಿನ ಕಾಳಾಯಿತು. ಸೂಜಿ ಕಳಪೆ ಎಂದು ಅಂಗಡಿಯವನಿಗೆ ಫೋನಿನಲ್ಲೇ ಜೋರು ಮಾಡಿದೆ. ಮೆಷಿನಿನ ಜೊತೆ ಬಂದ ಪುಸ್ತಕದಲ್ಲಿದ್ದ ಚಿತ್ರ ನೋಡಿದ ಮೇಲೆ ತಿಳಿಯಿತು. ಟಿಗ್‌ನಲ್ಲಿ ಟಾರ್ಚು ಮೈನಸ್ಸಿಗೆ, ಅರ್ತ್ ಕ್ಲ್ಯಾಂಪು ಪ್ಲಸ್ಸಿಗೆ. ಆಗ ಬಿಸಿಯೆಲ್ಲ ತಗಡಿಗೆ ಹೋಗುತ್ತದೆ, ಸೂಜಿ ಉಳಿಯುತ್ತದೆ.

ಸೂಜಿ ಉಳಿಯಿತು, ಬೆಸುಗೆ ಉಳಿಯಲಿಲ್ಲ. ತುಂಡು ತಗಡಿನ ಮೇಲೆ ಅಭ್ಯಾಸ ಮಾಡಿದರೆ ಬೆಸುಗೆ ಕಪ್ಪು, ಮಸಿ ಮಸಿ, ನಡುವೆ ದೋಸೆಯ ಹಾಗೆ ತೂತು. ಗ್ಯಾಸು ಹೆಚ್ಚು ಮಾಡಿದೆ, ಇನ್ನೂ ಹಾಳಾಯಿತು. ಗ್ಯಾಸಿನ ಸಿಲಿಂಡರ್ ಕೊಡುವವನ ಗುರುತು ಹೇಳಿದ್ದು ಭಾವ. ನನ್ನ ತಲೆ ಎಲ್ಲಿಗೆ ಓಡಿತು ನೋಡಿ. ಬೇಕೆಂದೇ ನೀರು ಸೇರಿದ ಗ್ಯಾಸು ಕೊಡಿಸಿದ್ದಾನೆ ಎಂದೇ ಅಂದುಕೊಂಡೆ. ಸಿಲಿಂಡರ್ ವಾಪಸು ಮಾಡಿ ಬೇರೆಯವರಿಂದ ತಂದೆ. ಅದರಲ್ಲೂ ಅದೇ ಮಸಿ.

ಚಹಾ ತಂದ ಹೆಂಡತಿ ಶೆಡ್ಡಿನೊಳಗೆ ಬಂದು ಸೆರಗು ಹಿಡಿದುಕೊಂಡಳು. ನಮ್ಮೂರಿನ ಸೆಕೆ ಗೊತ್ತುಂಟಲ್ಲ, ಫ್ಯಾನಿಲ್ಲದೆ ಕೂರಲು ಆಗುವುದಿಲ್ಲ. ನನ್ನ ಬೆನ್ನ ಹಿಂದೆ ದೊಡ್ಡ ಫ್ಯಾನು ಇಡೀ ದಿನ ತಿರುಗುತ್ತಿತ್ತು. ಆರ್ಕ್ ವೆಲ್ಡಿಂಗಿಗೆ ಅದರಿಂದ ಅಷ್ಟು ತೊಂದರೆ ಇಲ್ಲ, ರಾಡಿನ ಮೇಲಿನ ಮದ್ದೇ ಕರಗಿ ಬೆಸುಗೆಯನ್ನು ಮುಚ್ಚುತ್ತದೆ.

"ಇಷ್ಟು ಗಾಳಿಗೆ ನಿಮ್ಮ ಗ್ಯಾಸು ನಿಲ್ತದಾ?" ಎಂದಳು.

"ಅಣ್ಣ ಹೇಳಿ ಕಳಿಸಿದ್ದಾ?"

"ಅಣ್ಣ ಎಂತಕ್ಕೆ ಹೇಳ್ಬೇಕು? ನಾನು ಫ್ಯಾನ್ ಹಾಕಿ ಒಲೆ ಹಚ್ಚಿದ್ರೆ ಬೈಯುದು ನೀವೇ ಅಲ್ವಾ?"

ಫ್ಯಾನು ಆಫ್ ಮಾಡಿ ರಸ್ತೆ ಕಡೆಯ ಶಟರು ಅರ್ಧ ಎಳೆದೆ. ಮುಂದಿನ ಬೆಸುಗೆ ಬೂದು ಬಣ್ಣಕ್ಕೆ ಬಂತು. ಗ್ಯಾಸನ್ನೂ ಕಡಿಮೆ ಮಾಡಿದೆ. ಹೆಚ್ಚು ಬಿಟ್ಟರೆ ಅದು ತಾನೇ ಸುಳಿ ಎದ್ದು ಹೊರಗಿನ ಗಾಳಿಯನ್ನು ಎಳೆದುಕೊಳ್ಳುತ್ತದೆ. ಬೆಸುಗೆಯ ಕೊನೆಯಲ್ಲಿ ಟಾರ್ಚನ್ನು ತಟ್ಟನೆ ಎತ್ತದೆ, ಗ್ಯಾಸು ನಿಲ್ಲುವವರೆಗೆ ಅಲ್ಲೇ ಹಿಡಿಯುವುದನ್ನೂ ಕಲಿತೆ. ಖುಷಿಯಾಗಬೇಕಿತ್ತು. ಆದರೆ ಭಾವನ ಬಣ್ಣ ಬಂದಿರಲಿಲ್ಲ.

ಫ್ಯಾನು ನಿಂತ ಮೇಲೆ ಬೆವರು ಸುರಿಯಿತು. ಹೆಗಲ ಮೇಲಿನ ಬೈರಾಸಿನಿಂದ ಮುಖ, ತಲೆ ಒರೆಸುವುದು, ಅದೇ ಬೈರಾಸಿನಿಂದ ತಗಡನ್ನು ಒರೆಸುವುದು, ತಂತಿಯನ್ನೂ ಒರೆಸುವುದು. ತಲೆಗೆ ತೆಂಗಿನೆಣ್ಣೆ ಹಾಕದೆ ನಾನು ಮನೆಯಿಂದ ಹೊರಡುವವನಲ್ಲ. ಟ್ಯಾಂಕಿನ ಮೈಗೆ ಬೆಸುಗೆ ಹಾಕಲು ಶುರು ಮಾಡಿದಾಗ ಒಂದು ಕಡೆ ಪಟಪಟ ಎಂದು ಸಿಡಿದು ಹಪ್ಪಳ ಕಾಯಿಸುವ ಪರಿಮಳ ಬಂತು. ಪಕ್ಕದ ಮನೆಯಲ್ಲಿ ಅಡಿಗೆ ಎಂದುಕೊಂಡೆ. ಮತ್ತೆ ಬಗ್ಗಿದಾಗ ಗೊತ್ತಾಯಿತು, ಪರಿಮಳ ನನ್ನ ಟ್ಯಾಂಕಿನದ್ದೇ. ಅಂದಿನಿಂದ ಸ್ಟೀಲಿಗೆ ಬೇರೆ ಬಟ್ಟೆ, ಅದು ನನ್ನ ಹೆಗಲಿಗೆ ಏರುವ ಹಾಗಿಲ್ಲ. ಸೂಜಿ ಚೂಪು ಮಾಡಲೂ ಬೇರೆ ಕಲ್ಲು ಇಟ್ಟೆ, ಊರವರ ಕತ್ತಿಗೆ ಸಾಣೆ ಹಿಡಿಯುವ ಕಲ್ಲಿನಲ್ಲಿ ಕಬ್ಬಿಣದ ಪುಡಿ ಸೂಜಿಗೆ ಅಂಟುತ್ತಿತ್ತು.

ಇಷ್ಟಾದರೂ ಒಂದು ರೋಗ ಬಿಡಲಿಲ್ಲ. ಸೂಜಿ ಹೋಗಿ ಹೋಗಿ ಕರಗಿದ ಲೋಹಕ್ಕೆ ತಾಗುತ್ತಿತ್ತು. ತಾಗಿದರೆ ಮುಗಿಯಿತು. ಬಿಚ್ಚು, ಸಾಣೆ ಹಿಡಿ, ಮತ್ತೆ ಸಿಕ್ಕಿಸು. ಬೆಸುಗೆ ಹಾಕುವುದಕ್ಕಿಂತ ಸಾಣೆ ಹಿಡಿಯುವುದೇ ಹೆಚ್ಚು. ಕೈ ನಡುಗುತ್ತದೆ ಎಂದು ಮೊಣಕೈ ಊರಲು ಮರದ ತುಂಡು ಇಟ್ಟುಕೊಂಡೆ. ಭಾವನ ಕೈ ಹುಟ್ಟಿನಿಂದಲೇ ಹಾಗೆ, ನನ್ನದು ಗೇಟು ಮಾಡುವ ಕೈ ಎಂದು ಮನಸ್ಸು ಹೇಳುತ್ತಿತ್ತು.

ಇಲ್ಲಿಂದ ಹೆಲ್ಮೆಟಿನ ಕಥೆ. ಆರ್ಕ್ ಮಾಡುವಾಗ ನಾನು ಕೈಯಲ್ಲಿ ಹಿಡಿಯುವ ಸ್ಕ್ರೀನ್ ಬಳಸುತ್ತಿದ್ದೆ. ಟಿಗ್‌ಗೆ ಎರಡು ಕೈಗೂ ಕೆಲಸ, ಸ್ಕ್ರೀನ್ ಹಿಡಿಯಲು ಮೂರನೇ ಕೈ ಇಲ್ಲ. ತಲೆಗೆ ಹಾಕುವ ಹಳೆ ಹೆಲ್ಮೆಟ್ ಒಂದಿತ್ತು, ಅದರಲ್ಲಿ ದಪ್ಪ ರಾಡಿಗೆ ಬೇಕಾದ ಕಡು ಕಪ್ಪು ಗಾಜು. ತೆಳು ತಗಡಿನ ಸಣ್ಣ ಆರ್ಕಿಗೆ ಆ ಗಾಜಿನಲ್ಲಿ ಕಾಣುವುದು ಒಂದು ಹಸಿರು ಚುಕ್ಕೆ ಮಾತ್ರ. ಮೊಬೈಲಿನಲ್ಲಿ ನೋಡಿ ತಾನಾಗಿ ಕಪ್ಪಾಗುವ ಅಗ್ಗದ ಹೆಲ್ಮೆಟ್ ತರಿಸಿದೆ. ಮೇಲೆ ಹುಲಿಯ ಚಿತ್ರ. ಅದಕ್ಕೆ ಬೆಳಕು ಹಿಡಿಯುವ ಸೆನ್ಸರ್ ಎರಡೇ. ಟ್ಯಾಂಕಿನೊಳಗೆ ಬಗ್ಗಿದಾಗ ಅದರ ಅಂಚೋ, ನನ್ನ ಕೈಯೋ ಸೆನ್ಸರಿಗೆ ಅಡ್ಡ ಬಂದು, ಬೆಸುಗೆಯ ನಡುವೆಯೇ ಗಾಜು ಬಿಳಿಯಾಗುತ್ತಿತ್ತು. ಕರೆಂಟು ಕಡಿಮೆ ಮಾಡಿದರಂತೂ ಮಿಣುಕು ಹುಳದ ಹಾಗೆ ಮುಚ್ಚಿ ತೆರೆದು ಮಾಡುತ್ತಿತ್ತು. ಕೋಪ ಬಂದು ಹೆಲ್ಮೆಟ್ ಎತ್ತಿ, ಹಳೆ ಚಾಳಿಯಂತೆ ಕಣ್ಣು ಮುಚ್ಚಿ ಕೆಲವು ಟಾಕಾ, ಅಂದರೆ ಚುಕ್ಕೆ ಬೆಸುಗೆ, ಹೊಡೆದೆ.

ಬೆಳಗಾಗುವಾಗ ಕಣ್ಣಿಗೆ ಮರಳು ಎರಚಿದ ಹಾಗೆ. ಹೆಂಡತಿ ಕೈ ಹಿಡಿದುಕೊಂಡು ಕಣ್ಣಿನ ಡಾಕ್ಟ್ರ ಹತ್ತಿರ ಕರೆದುಕೊಂಡು ಹೋದಳು. ಡಾಕ್ಟ್ರು ಮದ್ದು ಕೊಟ್ಟು ಚೆನ್ನಾಗಿ ಬೈದರು. ಸ್ಟೀಲು ಕನ್ನಡಿಯ ಹಾಗೆ, ಹಿಂದಿನಿಂದಲೂ ಬೆಳಕು ಬಡಿಯುತ್ತದೆ ಎಂದರು. ಉರಿ ಇಳಿದ ಮೇಲೆ ಇನ್ನೊಮ್ಮೆ ಬರಹೇಳಿ, ಅಕ್ಷರದ ಬೋರ್ಡು ಓದಿಸಿ, "ಚಾಳೀಸು ಬಂದುಂಟು ನಿಮಗೆ. ಹತ್ತಿರದ್ದು ಕಾಣುದಿಲ್ಲ. ಕನ್ನಡಕ ಬರೆದಿದ್ದೇನೆ" ಎಂದರು.

"ನಂಗೆ ಕಾಣ್ತದೆ ಡಾಕ್ಟ್ರೆ."

"ಪೇಪರನ್ನು ಹೊಟ್ಟೆಯ ಹತ್ತಿರ ಹಿಡಿದು ಓದ್ತೀರಲ್ಲ, ಹಾಗೆ ಕಾಣುದು" ಎಂದಳು ಹೆಂಡತಿ ನಡುವೆ.

ಕನ್ನಡಕ ಮಾಡಿಸಲಿಲ್ಲ. ಭಾವ ಕನ್ನಡಕ ಹಾಕುವುದನ್ನು ನಾನು ನೋಡಿರಲಿಲ್ಲ. ಅವನ ಮುಂದೆ ಕನ್ನಡಕ ಹಾಕಿ ನಿಂತರೆ ನಾನು ಮುದುಕ, ಅವ ಮಾತ್ರ ಹುಡುಗ ಎಂದು ಆಗುತ್ತದೆ ಅಲ್ಲವೇ?

ಕಣ್ಣು ಸರಿಯಾದ ಮೇಲೆ ಟ್ಯಾಂಕಿನ ತಳ ಕೂಡಿಸಲು ಕೂತೆ. ಕಾಲು ಭಾಗ ಆಗುವುದರೊಳಗೆ ಸೂಜಿ ತಾಗಿ, ಬೆಸುಗೆ ಜೋಡಿನ ಗೆರೆ ಬಿಟ್ಟು ಪಕ್ಕಕ್ಕೆ ಹೋಗಿ, ತಗಡೇ ತೂತು ಬಿತ್ತು. ಒಳಬದಿ ನೋಡಿದರೆ ಬೆಸುಗೆಯ ಹಿಂದೆಲ್ಲ ಕರಟಿದ ಬೆಲ್ಲದ ಹಾಗೆ ಒರಟು. ಜೇನು ತಾಗುವುದೇ ಆ ಬದಿಗೆ. ತಳ ಕತ್ತರಿಸಿ ಬಿಸಾಡಿದೆ. ಇನ್ನೊಂದು ತಳಕ್ಕೆ ಆಗುವಷ್ಟೇ ತಗಡು ಉಳಿದಿತ್ತು. ಸಮಯವೂ ಇರಲಿಲ್ಲ. ಅಧ್ಯಕ್ಷರಿಗೆ ಫೋನ್ ಮಾಡಿ ಆಗುವುದಿಲ್ಲ ಎನ್ನಬೇಕು, ಇಲ್ಲ ಕಡಬಕ್ಕೆ ಹೋಗಬೇಕು. ಫೋನ್ ಕೈಗೆ ತೆಗೆದುಕೊಂಡೆ. ನಾನು ಆಗುವುದಿಲ್ಲ ಎಂದ ಸುದ್ದಿ ಕೇಳಿ ಭಾವ ಮುಗುಳ್ನಗುವುದು ಕಣ್ಣ ಮುಂದೆ ಬಂತು. ಎದುರಲ್ಲೇ ನಕ್ಕರೆ ಒಂದು ಬಾರಿಗೆ ಮುಗಿಯುತ್ತದೆ ಎಂದು ಬಸ್ಸು ಹತ್ತಿದೆ. ನೆವಕ್ಕೆ ಹೆಂಡತಿ ಮಾಡಿದ ಹಲಸಿನ ಹಪ್ಪಳದ ಕಟ್ಟು ಹಿಡಿದುಕೊಂಡೆ.

ಭಾವ ತನ್ನ ಟ್ಯಾಂಕಿನ ಮುಂದೆ ಕೂತಿದ್ದ.

"ಬನ್ನಿ ಭಾವ. ಹಪ್ಪಳ ಕೊಡ್ಲಿಕ್ಕೆ ಕೆಲಸ ಬಿಟ್ಟು ಬಂದದ್ದಾ?"

"ನಿನ್ನ ತಂಗಿ ಕಳಿಸಿದ್ಲು."

"ತಂಗಿ ಬೆಳಿಗ್ಗೆಯೇ ಫೋನ್ ಮಾಡಿದ್ಲು. ತಳ ತೂತಾಯ್ತಂತೆ."

ಹೆಂಡತಿಯ ಮೇಲೆ ಬಂದ ಕೋಪವನ್ನು ನುಂಗಿಕೊಂಡೆ. ಅವ ನಗಲಿಲ್ಲ. ತನ್ನ ಹೆಲ್ಮೆಟ್ ತೆಗೆದು ನನ್ನ ತಲೆಗೆ ಸಿಕ್ಕಿಸಿ, ಟಾರ್ಚ್ ಕೈಗೆ ಕೊಟ್ಟು ಒಂದು ತುಂಡು ತಗಡು ಮುಂದಿಟ್ಟ.

ಆರ್ಕ್ ಹತ್ತಿಸಿದೆ. ಏನು ಹೇಳಲಿ? ಇಷ್ಟು ವಾರ ನಾನು ಬೆಸೆಯುತ್ತಿದ್ದದ್ದು ಬೆಳಕನ್ನು ಮಾತ್ರ. ಅಂದು ಮೊದಲ ಬಾರಿ ಲೋಹ ಕರಗುವುದು ಕಂಡಿತು. ಸಣ್ಣ ಹೊಳೆಯುವ ಕೊಳ, ಅದರ ಅಂಚು, ಅದರ ಮೇಲೆ ತೇಲುವ ಒಂದು ಕಸ, ಸೂಜಿಯ ಮೊನೆ, ಕೊಳದಲ್ಲಿ ಆ ಮೊನೆಯ ಬಿಂಬ. ಮೊನೆ ಮತ್ತು ಬಿಂಬ ಹತ್ತಿರ ಬಂದರೆ ಕೈ ಎತ್ತಬೇಕು. ಅಷ್ಟೇ ಗುಟ್ಟು. ನನ್ನ ಕೈ ನಡುಗಲೇ ಇಲ್ಲ.

"ಇದರೊಳಗೆ ಎಂತ ಇಟ್ಟಿದ್ದೀ ಮಾರಾಯ?"

ಭಾವ ಸುತ್ತ ನೋಡಿ ಸ್ವರ ತಗ್ಗಿಸಿದ. "ಭೂತಗನ್ನಡಿ. ಹೆಲ್ಮೆಟಿನ ಒಳಗೆ ಸಿಕ್ಕಿಸುದು. ನಂಗೆ ಚಾಳೀಸು ಬಂದು ಸುಮಾರು ಸಮಯ ಆಯ್ತು ಭಾವ. ಮನೆಯಲ್ಲಿ ಹೇಳ್ಲಿಲ್ಲ. ಹೆಂಡತಿ ಈಗ್ಲೇ ನನ್ನನ್ನು ಅಜ್ಜ ಅನ್ನುದು. ನೀವೂ ಹೇಳ್ಬೇಡಿ."

ನನಗೆ ಎಷ್ಟು ಸಂತೋಷವಾಯಿತೆಂದರೆ ಅದನ್ನು ಇಲ್ಲಿ ಬರೆಯಲು ನಾಚಿಕೆ. ಅವ ಒಳಬದಿಯ ಬೆಲ್ಲಕ್ಕೂ ಮದ್ದು ಹೇಳಿದ. ತಳದ ಬೆಸುಗೆ ಹಾಕುವ ಮೊದಲು ಟ್ಯಾಂಕಿನ ಬಾಯಿ ಮುಚ್ಚಿ, ಮೇಲೆ ಸಣ್ಣ ತೂತು ಬಿಟ್ಟು, ಒಳಗೂ ನಿಧಾನಕ್ಕೆ ಆರ್ಗನ್ ತುಂಬಬೇಕು. ಹಾಗೆ ತುಂಬಿದ ಟ್ಯಾಂಕಿನೊಳಗೆ ಮಾತ್ರ ತಲೆ ಹಾಕಬೇಡಿ, ಉಸಿರಾಡಲು ಗಾಳಿ ಇರುವುದಿಲ್ಲ ಎಂದು ಎರಡೆರಡು ಸಲ ಹೇಳಿದ.

"ಈ ಹೆಲ್ಮೆಟ್ ಒಂದು ವಾರಕ್ಕೆ ಕೊಡು."

"ಅದೊಂದು ಕೇಳ್ಬೇಡಿ. ನಂಗೂ ಟ್ಯಾಂಕ್ ಮುಗಿಸ್ಬೇಕು. ನಿಮ್ಮನ್ನು ಗೆಲ್ಲಿಸ್ಲಿಕ್ಕೆ ನಾನು ಕುರುಡನಾಗುದಾ?"

ಅದೂ ಸರಿಯೇ. ಅವನಿಗೂ ಸೋಲುವ ಭಯ ಇದೆ ಎಂದು ಗೊತ್ತಾಗಿ ಇನ್ನೂ ಸ್ವಲ್ಪ ಸಂತೋಷದಿಂದಲೇ ಬಸ್ಸು ಹತ್ತಿದೆ.

ಈ ಸಲ ಹೆಲ್ಮೆಟನ್ನು ಮೊಬೈಲಿನಲ್ಲಿ ತರಿಸಲಿಲ್ಲ. ಪುತ್ತೂರಿನ ಹಾರ್ಡ್‌ವೇರ್ ಅಂಗಡಿಗೆ ಹೋಗಿ ಒಂದೊಂದೇ ತಲೆಗೆ ಹಾಕಿ ನೋಡಿದೆ. ಸೆನ್ಸರ್ ನಾಲ್ಕು ಇರಬೇಕು, ಒಂದಕ್ಕೆ ಕೈ ಅಡ್ಡ ಬಂದರೂ ಇನ್ನೊಂದು ನೋಡಬೇಕು. ಕಡಿಮೆ ಕರೆಂಟಿನ ಟಿಗ್‌ಗೆ ಆಗುತ್ತದೆ ಎಂದು ಅದರ ಕಾಗದದಲ್ಲಿ ಬರೆದಿರಬೇಕು. ಕಪ್ಪಿನ ನಂಬ್ರ ಒಂಬತ್ತರಿಂದ ಮೇಲಕ್ಕೆ ತಿರುಗಿಸುವ ಹಾಗಿರಬೇಕು. ಸೆನ್ಸರಿನ ಸೂಕ್ಷ್ಮವನ್ನು ಹೆಚ್ಚು ಕಡಿಮೆ ಮಾಡುವ ಗುಂಡಿ ಬೇಕು. ಕುತ್ತಿಗೆ ನೋಯದಷ್ಟು ಹಗುರ ಇರಬೇಕು. ಎಲ್ಲಕ್ಕಿಂತ ಮುಖ್ಯ, ಒಳಗೆ ಭೂತಗನ್ನಡಿ ಸಿಕ್ಕಿಸುವ ಜಾಗ ಇರಬೇಕು.

"ಹುಲಿ, ಬೆಂಕಿ, ಡಿಸೈನ್ ಎಂತ ಬೇಕು?" ಎಂದು ಅಂಗಡಿಯವರು ಕೇಳಿದರು.

"ಹುಲಿ ಮನೆಯಲ್ಲಿ ಉಂಟು. ನಂಗೆ ಕಾಣುವಂಥದ್ದು ಕೊಡಿ."

ಭೂತಗನ್ನಡಿಯ ನಂಬ್ರ ನೋಡಲು, ಟಾರ್ಚ್ ಹಿಡಿಯುವಷ್ಟು ದೂರದಲ್ಲಿ ಪೇಪರು ಹಿಡಿದು ಓದಿದೆ. ಸಣ್ಣ ಅಕ್ಷರ ಸ್ಪಷ್ಟವಾದದ್ದನ್ನು ತೆಗೆದುಕೊಂಡೆ. ಡಾಕ್ಟ್ರು ಬರೆದುಕೊಟ್ಟ ಕನ್ನಡಕವನ್ನೂ ಮಾಡಿಸಿ ಕಿಸೆಯಲ್ಲಿ ಇಟ್ಟೆ, ಹಾಕಲಿಲ್ಲ. ಹೆಲ್ಮೆಟಿನ ಹಿಂದೆ ಕುತ್ತಿಗೆ ಮುಚ್ಚುವ ಹಾಗೆ ದಪ್ಪ ಬಟ್ಟೆ ಹೊಲಿಸಿದೆ. ಎರಡನೇ ತಳ ಒಂದೇ ಸಲಕ್ಕೆ ಕೂತಿತು. ಬಣ್ಣ ಭಾವನಷ್ಟು ಅಲ್ಲ, ಆದರೆ ಹೊಂಬಣ್ಣ ಬಂತು. ನೀರು ತುಂಬಿಸಿ ಇಟ್ಟೆ, ಒಂದು ಹನಿ ಹೊರಬರಲಿಲ್ಲ.

ಕೊಲ್ಲಮೊಗ್ರಿನಲ್ಲಿ ಅಧ್ಯಕ್ಷರ ಅಂಗಳದಲ್ಲಿ ಎರಡೂ ಟ್ಯಾಂಕು ಅಕ್ಕಪಕ್ಕ ಇಟ್ಟರು. ಸಂಘದವರೆಲ್ಲ ಸುತ್ತ ನಿಂತರು. ನೀರಿನ ಪರೀಕ್ಷೆಯಲ್ಲಿ ಎರಡೂ ಪಾಸು. ಆಮೇಲೆ ಅಧ್ಯಕ್ಷರು ಒಳಗಿನಿಂದ ಒಂದು ಮುಷ್ಟಿ ಹತ್ತಿ ತಂದರು. ಟ್ಯಾಂಕಿನೊಳಗೆ ಕೈ ಹಾಕಿ ಬೆಸುಗೆಯ ಉದ್ದಕ್ಕೂ ಹತ್ತಿ ಉಜ್ಜಿದರು. ಎಲ್ಲಿ ಹತ್ತಿಯ ಎಳೆ ಸಿಕ್ಕುತ್ತದೋ ಅಲ್ಲಿ ಜೇನು ನಿಂತು ಹುಳಿಯುತ್ತದೆ. ಇಂಥ ಪರೀಕ್ಷೆ ಇದೆ ಎಂದು ನಮಗಿಬ್ಬರಿಗೂ ಗೊತ್ತಿರಲಿಲ್ಲ.

ಭಾವನ ಟ್ಯಾಂಕಿನಲ್ಲಿ ಹತ್ತಿ ಎಲ್ಲಿಯೂ ಸಿಕ್ಕಲಿಲ್ಲ. ನನ್ನದರಲ್ಲಿ ಜೇನು ಇಳಿಸುವ ನಳ್ಳಿಯ ಬುಡದಲ್ಲಿ, ಬೆಸುಗೆ ನಿಲ್ಲಿಸಿದ ಜಾಗದಲ್ಲಿ, ಒಂದು ಬಿಳಿ ಎಳೆ ನಿಂತಿತು. ಅಧ್ಯಕ್ಷರು ಅದನ್ನು ಎರಡು ಬೆರಳಿನಲ್ಲಿ ಎತ್ತಿ ಎಲ್ಲರಿಗೂ ತೋರಿಸಿದರು. ಭಾವ ಅದೇ ಮುಗುಳ್ನಗೆ ನಕ್ಕ.

ನಾನು ಕಿಸೆಯಿಂದ ಕನ್ನಡಕ ತೆಗೆದು ಎಲ್ಲರ ಎದುರೇ ಹಾಕಿಕೊಂಡೆ. ಮೊಬೈಲಿನ ಲೈಟು ಹಾಕಿ ಭಾವನ ಟ್ಯಾಂಕಿಗೆ ಬಗ್ಗಿದೆ. ಮೆಟ್ಟಿಲಿನ ರೇಲಿಂಗಿನಲ್ಲಿ ಬೆರಳಿನಿಂದ ಹುಡುಕಿದ್ದನ್ನು ಅಂದು ಕಣ್ಣಿನಿಂದ ಹುಡುಕಿದೆ. ನಳ್ಳಿಯ ಬುಡದಲ್ಲೇ, ಬೆಸುಗೆ ಮುಗಿದಲ್ಲಿ, ಸಾಸಿವೆಯ ಕಾಲು ಭಾಗದಷ್ಟು ಒಂದು ಗುಳಿ. ಹತ್ತಿ ಅದರ ಮೇಲಿನಿಂದ ಹಾರಿ ಹೋಗಿತ್ತು.

"ಇಲ್ಲೊಂದು ಗುಳಿ ಉಂಟು" ಎಂದೆ. ನನ್ನ ಸ್ವರ ಬೇಕಾದ್ದಕ್ಕಿಂತ ಜೋರಾಗಿತ್ತು.

ಭಾವ ಹತ್ತಿರ ಬಂದ. ಬಗ್ಗಿದ. ತಲೆ ಹಿಂದೆ ತಂದ, ಮುಂದೆ ತಂದ. "ಎಲ್ಲಿ? ಎಂತ ಇಲ್ಲ."

ನಾನು ಕನ್ನಡಕ ತೆಗೆದು ಅವನ ಕಡೆ ಹಿಡಿದೆ. ಭಾವ ಕನ್ನಡಕ ನೋಡಿದ, ನನ್ನ ಮುಖ ನೋಡಿದ, ಸುತ್ತ ನಿಂತವರನ್ನು ನೋಡಿದ. ಹಾಕದಿದ್ದರೆ ಗುಳಿ ಇದೆಯೋ ಇಲ್ಲವೋ ಹೇಳಲಾಗುವುದಿಲ್ಲ. ಕೊನೆಗೆ ಹಾಕಿಕೊಂಡು ಬಗ್ಗಿ, ನಳ್ಳಿಯ ಬುಡಕ್ಕೆ ಉಗುರು ತಾಗಿಸಿ ನೋಡಿದ.

"ಉಂಟು" ಎಂದ.

"ಕೊಡಿ ಮಾರಾಯ್ರೆ ಆ ಕನ್ನಡಕ, ನಾನೂ ನೋಡ್ತೇನೆ" ಎಂದು ಅಧ್ಯಕ್ಷರೂ ಹಾಕಿಕೊಂಡು ನೋಡಿದರು. ನೋಡಿ ನಗಲು ಶುರು ಮಾಡಿದವರಿಗೆ ನಿಲ್ಲಿಸಲಾಗಲಿಲ್ಲ. "ಅರ್ಧ ಅವರಿಗೆ, ಅರ್ಧ ನಿಮಗೆ. ಒಂದೇ ಶರತ್ತು. ಒಬ್ರು ಮಾಡಿದ್ದನ್ನು ಇನ್ನೊಬ್ರು ನೋಡಿದ ಮೇಲೆಯೇ ಇಲ್ಲಿಗೆ ತರ್ಬೇಕು. ಇಷ್ಟು ಮನಸ್ಸಿಟ್ಟು ತಪ್ಪು ಹುಡುಕುವವರು ನಂಗೆ ಬೇರೆ ಎಲ್ಲಿ ಸಿಗ್ತಾರೆ?"

ಅಂದಿನಿಂದ ಅವನ ಟ್ಯಾಂಕು ದರ್ಬೆಗೆ ಬರುತ್ತದೆ, ನನ್ನದು ಕಡಬಕ್ಕೆ ಹೋಗುತ್ತದೆ. ಅವ ನನ್ನದರಲ್ಲಿ ಸುಮಾರು ಗುಳಿ ಹುಡುಕಿ, ಸೀಮೆಸುಣ್ಣದಿಂದ ದೊಡ್ಡ ದೊಡ್ಡ ವೃತ್ತ ಎಳೆದು ವಾಪಸು ಕಳಿಸಿದ್ದಾನೆ. ನಾನೂ ಬಿಟ್ಟಿಲ್ಲ. ಬೆಸುಗೆ ಮುಗಿಸುವಾಗ ಕರೆಂಟನ್ನು ನಿಧಾನಕ್ಕೆ ಇಳಿಸಿ, ಕೊನೆಗೆ ಒಂದು ಹನಿ ತಂತಿ ಹೆಚ್ಚು ಕೊಟ್ಟರೆ ಗುಳಿ ಬೀಳುವುದಿಲ್ಲ ಎಂದು ಇಬ್ಬರೂ ಕಲಿತದ್ದು ಈ ಜಗಳದಲ್ಲೇ.

ಮೊನ್ನೆ ಅವನ ಒಂದು ಟ್ಯಾಂಕು ಬಂತು. ಕನ್ನಡಕ ಹಾಕಿ ಲೈಟು ಹಿಡಿದು ಒಳಗೆ ಹೊರಗೆ ನೋಡಿದೆ. ಹತ್ತಿ ಉಜ್ಜಿದೆ. ಮತ್ತೆ ಮೊದಲಿನಿಂದ ನೋಡಿದೆ. ಹೆಂಡತಿ ಬಾಗಿಲಲ್ಲಿ ಬಂದು ನಿಂತಳು.

"ಸಿಕ್ಕಿತಾ?"

"ಇಲ್ಲ."

"ಹಾಗಾದ್ರೆ ಊಟಕ್ಕೆ ಬನ್ನಿ."

ಹೋಗಿ ಕೂತೆ. ಊಟ ಅರ್ಧಕ್ಕೆ ಬಿಟ್ಟು, ಕೈ ತೊಳೆದು ಮತ್ತೆ ಟ್ಯಾಂಕಿನ ಹತ್ತಿರ ಹೋದೆ.

ನಿಮ್ಮಲ್ಲಿ ಯಾರಾದರೂ ಹೊಸದಾಗಿ ಟಿಗ್ ಹಿಡಿದು ಸೂಜಿ ಸುಟ್ಟುಕೊಂಡವರಿದ್ದರೆ, ಯಾವ ಹೆಲ್ಮೆಟಿನಲ್ಲಿ ನಿಮಗೆ ಸರಿಯಾಗಿ ಕಂಡಿತು, ಫ್ಯಾನಿಲ್ಲದೆ ಸೆಕೆಗೆ ಏನು ಮಾಡುತ್ತೀರಿ ಎಂದು ದಯವಿಟ್ಟು ಬರೆಯಿರಿ. ಮನೆಯವರದ್ದೇ ಕೆಲಸ ನೋಡಿ ಹೊಟ್ಟೆ ಉರಿದವರಿದ್ದರೆ ಅದನ್ನೂ ಬರೆಯಿರಿ. ಕನ್ನಡಕ ಹಾಕಿಕೊಂಡು ಎಲ್ಲವನ್ನೂ ಓದುತ್ತೇನೆ.